ಪರಿಚಿತರ ಹೆಸರಿನಲ್ಲಿ ಬರುವ ವೈರಸ್ ಇ-ಮೇಲ್‌ಗಳು: ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ

ಪಾಠದ ಉದ್ದೇಶ

ಈ ಪಾಠದ ಅಧ್ಯಯನದಿಂದ ಸದಸ್ಯರು ಮೂರು ಸಂಗತಿಗಳನ್ನು ಮನಗಾಣಬೇಕೆಂಬುದು ಅಪೇಕ್ಷೆ. ಒಂದು, ಪರಿಚಿತರ ಹೆಸರಿನಲ್ಲಿ ಬಂದ ಇ-ಮೇಲ್ ಪರಿಚಿತರಿಂದಲೇ ಬಂದಿರಬೇಕೆಂಬ ನಿಯಮವಿಲ್ಲ. ಎರಡು, ಅನುಮಾನ ಬಂದಾಗ ಯಾರನ್ನು, ಹೇಗೆ ವಿಚಾರಿಸಬೇಕು. ಮೂರು, ಅಂತಹ ಪತ್ರವನ್ನು ತೆರೆದುಬಿಟ್ಟಿದ್ದರೆ ತಡಮಾಡದೆ ಕೈಗೊಳ್ಳಬೇಕಾದ ಕ್ರಮಗಳು ಯಾವುವು.

1. ಪೀಠಿಕೆ

ಗ್ರಾಮ ಪಂಚಾಯಿತಿಯ ದೈನಂದಿನ ಕಾರ್ಯದಲ್ಲಿ ಟಪಾಲು ವಹಿಯಷ್ಟೇ ಇ-ಮೇಲ್ ಕೂಡ ಅನಿವಾರ್ಯವಾಗಿದೆ. ತಾಲ್ಲೂಕು ಪಂಚಾಯಿತಿಯ ಸೂಚನಾ ಪತ್ರ, ಅಭಿಯಂತರರ ಅಂದಾಜು ಪಟ್ಟಿ, ಗುತ್ತಿಗೆದಾರರ ಬಿಲ್ಲು, ಸಭೆಯ ನಡವಳಿ ಎಲ್ಲವೂ ಲಗತ್ತುಗಳಾಗಿ ಬಂದು ಹೋಗುತ್ತಿವೆ. ಅಪರಿಚಿತರು ಬಹುಮಾನ ಬಂದಿದೆಯೆಂದು ಬರೆದರೆ ಅದನ್ನು ನಂಬಬಾರದೆಂಬ ತಿಳಿವಳಿಕೆ ಇಂದು ಬಹುತೇಕರಲ್ಲಿದೆ. ಆದರೆ ಅಧ್ಯಕ್ಷರ ಹೆಸರೋ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಹೆಸರೋ, ಪಕ್ಕದ ಪಂಚಾಯಿತಿಯ ಸ್ನೇಹಿತರ ಹೆಸರೋ ಕಂಡೊಡನೆ ಆ ಎಚ್ಚರ ಸಡಿಲಗೊಳ್ಳುತ್ತದೆ. ವೈರಸ್ ಹರಡುವವರು ಯಂತ್ರದ ದೋಷವನ್ನು ಮಾತ್ರವಲ್ಲ, ಮನುಷ್ಯರ ನಡುವಿನ ಈ ವಿಶ್ವಾಸವನ್ನೂ ದುರುಪಯೋಗಪಡಿಸಿಕೊಳ್ಳುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಹಿರಿಯರ ಮಾತು ಇ-ಮೇಲ್ ಪೆಟ್ಟಿಗೆಗೂ ಅನ್ವಯಿಸುತ್ತದೆ.

2. ಹೆಸರು ಒಬ್ಬರದು, ಕೈ ಮತ್ತೊಬ್ಬರದು

ಅಂಚೆ ಲಕೋಟೆಯ ಮೇಲೆ ‘ಇಂದ’ ಎಂಬ ಸ್ಥಳದಲ್ಲಿ ಯಾರ ವಿಳಾಸವನ್ನು ಯಾರು ಬೇಕಾದರೂ ಬರೆಯಬಹುದು. ಪತ್ರ ಹಂಚುವವರು ಅದನ್ನು ಪರಿಶೀಲಿಸುವುದಿಲ್ಲ. ಇ-ಮೇಲ್ ವ್ಯವಸ್ಥೆಯೂ ಮೂಲತಃ ಇದೇ ರೀತಿಯಲ್ಲಿ ರಚಿತವಾದುದು. ಕಳುಹಿಸಿದವರ ವಿಳಾಸವನ್ನು ತಾಳೆ ನೋಡುವ ವಿಧಾನಗಳು ಅನಂತರ ಸೇರ್ಪಡೆಯಾದರೂ ಎಲ್ಲ ಕಡೆಯೂ ಅವು ಪೂರ್ಣವಾಗಿ ಜಾರಿಯಲ್ಲಿಲ್ಲ. ಆದ್ದರಿಂದ ಪರಿಚಿತರ ಹೆಸರಿನಲ್ಲಿ ಕೆಟ್ಟ ಪತ್ರ ಬರಲು ಮುಖ್ಯವಾಗಿ ಮೂರು ಮಾರ್ಗಗಳಿವೆ.

ಮೊದಲನೆಯದು: ಪರಿಚಿತರ ಗಣಕಯಂತ್ರಕ್ಕೆ ವೈರಸ್ ತಗುಲಿರುತ್ತದೆ ಅಥವಾ ಅವರ ಇ-ಮೇಲ್ ಪಾಸ್‌ವರ್ಡ್ ಕಳವಾಗಿರುತ್ತದೆ. ಪತ್ರವು ಅವರ ಖಾತೆಯಿಂದಲೇ ಹೊರಡುತ್ತದೆ, ಆದರೆ ಅವರಿಗೆ ಅದರ ಅರಿವಿರುವುದಿಲ್ಲ.

ಎರಡನೆಯದು: ಅವರ ಹೆಸರನ್ನು ಮಾತ್ರ ಎರವಲು ಪಡೆಯಲಾಗಿರುತ್ತದೆ. ಪರದೆಯ ಮೇಲೆ ಪರಿಚಿತ ಹೆಸರು ಕಾಣುತ್ತದೆ. ಹೆಸರಿನ ಹಿಂದಿರುವ ವಿಳಾಸ ಬೇರೆಯದೇ ಆಗಿರುತ್ತದೆ.

ಮೂರನೆಯದು: ಸೋಂಕು ತಗುಲಿದ್ದು ಮೂರನೆಯವರ ಯಂತ್ರಕ್ಕೆ. ಆ ಯಂತ್ರದಲ್ಲಿರುವ ವಿಳಾಸಗಳ ಪೈಕಿ ಒಂದನ್ನು ‘ಕಳುಹಿಸಿದವರು’ ಎಂದೂ ಇನ್ನೊಂದನ್ನು ‘ಪಡೆಯುವವರು’ ಎಂದೂ ವೈರಸ್ ತಾನೇ ಆರಿಸಿಕೊಳ್ಳುತ್ತದೆ. 2002ರಲ್ಲಿ ಜಗತ್ತಿನಾದ್ಯಂತ ಹರಡಿದ ‘ಕ್ಲೆಜ್’ ಎಂಬ ವೈರಸ್ ಇದೇ ರೀತಿ ವರ್ತಿಸಿತು. ಹೆಸರು ಕಂಡವರನ್ನು ಜನರು ದೂಷಿಸಿದರು. ಅವರ ಯಂತ್ರಗಳನ್ನು ಪರಿಶೀಲಿಸಿದರೆ ಅಲ್ಲಿ ಏನೂ ಸಿಗುತ್ತಿರಲಿಲ್ಲ. ನಿಜವಾಗಿ ಸೋಂಕಿದ್ದ ಯಂತ್ರದ ಒಡೆಯರಿಗೆ ಯಾರೂ ಎಚ್ಚರಿಕೆ ಹೇಳುತ್ತಿರಲಿಲ್ಲ.

ಈ ಮೂರನೆಯ ಮಾರ್ಗವನ್ನು ಪಂಚಾಯಿತಿ ಸದಸ್ಯರು ವಿಶೇಷವಾಗಿ ಗಮನಿಸಬೇಕು. ಗ್ರಾಮದಲ್ಲಿ ಪಕ್ಷ, ಪಂಗಡಗಳ ಭಿನ್ನಾಭಿಪ್ರಾಯ ಸಹಜ. ಒಬ್ಬ ಸದಸ್ಯರ ಹೆಸರಿನಲ್ಲಿ ಕಚೇರಿಗೆ ವೈರಸ್ ಬಂದಾಗ ‘ಬೇಕೆಂದೇ ಕಳುಹಿಸಿದ್ದಾರೆ’ ಎಂಬ ಮಾತು ಸುಲಭವಾಗಿ ಹುಟ್ಟುತ್ತದೆ. ಪರಿಶೀಲನೆಗೆ ಮುನ್ನ ಯಾರ ಮೇಲೂ ಆರೋಪ ಹೊರಿಸಬಾರದು. ಪತ್ರದ ಮೇಲಿನ ಹೆಸರು ವಿಚಾರಣೆಯ ಆರಂಭವೇ ಹೊರತು ತೀರ್ಮಾನವಲ್ಲ.

3. ಹಿಂದಿನ ಪ್ರಕರಣಗಳು ಕಲಿಸುವ ಪಾಠ

2000ನೇ ಇಸವಿಯ ಮೇ 4ರಂದು ಫಿಲಿಪೀನ್ಸ್ ದೇಶದಿಂದ ಹೊರಟ ‘ಐ ಲವ್ ಯು’ ಎಂಬ ಶೀರ್ಷಿಕೆಯ ಇ-ಮೇಲ್ ಈ ಬಗೆಯ ಪ್ರಕರಣಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಅದರೊಂದಿಗಿದ್ದ ಲಗತ್ತು ಪ್ರೇಮಪತ್ರವೆಂಬಂತೆ ಕಾಣುತ್ತಿತ್ತು. ಕಡತದ ಹೆಸರಿನ ಕೊನೆಯಲ್ಲಿದ್ದ ‘ವಿಬಿಎಸ್’ ಎಂಬ ಅಕ್ಷರಗಳು ಅದು ಪತ್ರವಲ್ಲ, ಯಂತ್ರಕ್ಕೆ ಆಜ್ಞೆ ನೀಡುವ ಕಾರ್ಯಕ್ರಮ ಎಂಬುದನ್ನು ಸೂಚಿಸುತ್ತಿದ್ದವು. ಆದರೆ ವಿಂಡೋಸ್ ವ್ಯವಸ್ಥೆಯು ಆ ಕೊನೆಯ ಅಕ್ಷರಗಳನ್ನು ಸಾಮಾನ್ಯವಾಗಿ ಮರೆಮಾಡುತ್ತಿದ್ದುದರಿಂದ ‘ಟಿಎಕ್ಸ್‌ಟಿ’ ಎಂಬುದಷ್ಟೇ ಓದುಗರಿಗೆ ಕಾಣಿಸಿತು. ಲಗತ್ತನ್ನು ತೆರೆದವರ ವಿಳಾಸ ಪಟ್ಟಿಯಲ್ಲಿದ್ದ ಎಲ್ಲರಿಗೂ ಅದು ಅವರದೇ ಹೆಸರಿನಲ್ಲಿ ಮತ್ತೆ ರವಾನೆಯಾಯಿತು. ಬ್ರಿಟಿಷ್ ಸಂಸತ್ತು ಸಹ ತನ್ನ ಇ-ಮೇಲ್ ವ್ಯವಸ್ಥೆಯನ್ನು ಕೆಲಕಾಲ ಸ್ಥಗಿತಗೊಳಿಸಬೇಕಾಯಿತು. ಆಗ ಫಿಲಿಪೀನ್ಸ್‌ನಲ್ಲಿ ಈ ಕೃತ್ಯಕ್ಕೆ ಅನ್ವಯಿಸುವ ಕಾನೂನು ಇಲ್ಲದಿದ್ದುದರಿಂದ ಯಾರಿಗೂ ಶಿಕ್ಷೆಯಾಗಲಿಲ್ಲ.

2014ರಲ್ಲಿ ಮೊದಲು ಕಂಡುಬಂದ ‘ಎಮೋಟೆಟ್’ ಇನ್ನೂ ಸೂಕ್ಷ್ಮವಾದ ತಂತ್ರವನ್ನು ಮುಂದೆ ರೂಢಿಸಿಕೊಂಡಿತು. ಅದು ಸೋಂಕಿತರ ಪೆಟ್ಟಿಗೆಯಲ್ಲಿದ್ದ ಹಳೆಯ ಪತ್ರವ್ಯವಹಾರವನ್ನು ಕದ್ದು, ಅದೇ ವಿಷಯಕ್ಕೆ ಉತ್ತರವೆಂಬಂತೆ ಹೊಸ ಲಗತ್ತನ್ನು ಕಳುಹಿಸುತ್ತಿತ್ತು. ಪಡೆದವರು ತಾವೇ ಬರೆದಿದ್ದ ಸಾಲುಗಳನ್ನು ಕೆಳಗೆ ಕಂಡು ನಂಬುತ್ತಿದ್ದರು. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಒಟ್ಟಾಗಿ ಅದರ ಜಾಲವನ್ನು ಮುರಿದರೂ ಅದೇ ವರ್ಷದ ನವೆಂಬರ್‌ನಲ್ಲಿ ಅದು ಮರಳಿ ಕಾಣಿಸಿಕೊಂಡಿತು.

ಇದೇ ವಂಚನೆ ಈಗ ಮೊಬೈಲ್‌ಗೂ ಬಂದಿದೆ. ಮದುವೆಯ ಆಮಂತ್ರಣ, ಸಂಚಾರ ದಂಡದ ಚಲನ್, ಸರ್ಕಾರಿ ಯೋಜನೆಯ ಅರ್ಜಿ ಎಂಬ ಹೆಸರಿನಲ್ಲಿ ‘ಎಪಿಕೆ’ ಕಡತಗಳು ಬಂಧುಮಿತ್ರರ ವಾಟ್ಸ್‌ಆ್ಯಪ್ ಸಂಖ್ಯೆಯಿಂದಲೇ ಬರುತ್ತಿವೆ. ಎಪಿಕೆ ಎಂಬುದು ಆಮಂತ್ರಣ ಪತ್ರಿಕೆಯಲ್ಲ, ಮೊಬೈಲ್‌ನಲ್ಲಿ ಸ್ಥಾಪನೆಗೊಳ್ಳುವ ತಂತ್ರಾಂಶ. ಅದಕ್ಕೆ ಅನುಮತಿ ನೀಡಿದರೆ ಬ್ಯಾಂಕಿನ ಒಟಿಪಿ ಸಂದೇಶಗಳು ವಂಚಕರ ಕೈಸೇರಬಹುದು.

4. ಪಂಚಾಯಿತಿಗೆ ಆಗಬಹುದಾದ ಹಾನಿ

ಪಂಚತಂತ್ರ, ಇ-ಸ್ವತ್ತು ಮುಂತಾದ ತಂತ್ರಾಂಶಗಳ ಮುಖ್ಯ ದತ್ತಾಂಶವು ಕಚೇರಿಯ ಗಣಕಯಂತ್ರದಲ್ಲಿರುವುದಿಲ್ಲ. ಆದರೂ ಆ ದತ್ತಾಂಶವನ್ನು ತಲುಪುವ ಪಾಸ್‌ವರ್ಡ್‌ಗಳನ್ನು ಬೆರಳಚ್ಚು ಮಾಡುವುದು ಅದೇ ಯಂತ್ರದಲ್ಲಿ. ನಮೂನೆ-9 ಮತ್ತು ನಮೂನೆ-11ಕ್ಕೆ, ಹಣ ಪಾವತಿಗೆ ಬಳಸುವ ಡಿಜಿಟಲ್ ಸಹಿಯ ಕೀಲಿಯನ್ನು ಚುಚ್ಚುವುದೂ ಅದೇ ಯಂತ್ರಕ್ಕೆ. ಒತ್ತಿದ ಅಕ್ಷರಗಳನ್ನೆಲ್ಲ ದಾಖಲಿಸಿ ಹೊರಗೆ ಕಳುಹಿಸುವ ವೈರಸ್ ಅಲ್ಲಿದ್ದರೆ ಕೀಲಿಯ ಪಿನ್ ಕೂಡ ಗುಟ್ಟಾಗಿ ಉಳಿಯದು.

ಇನ್ನು ಯಂತ್ರದಲ್ಲಷ್ಟೇ ಉಳಿಸಿರುವ ನಡವಳಿಯ ಕರಡು, ಕ್ರಿಯಾ ಯೋಜನೆ, ಕಾಮಗಾರಿಗಳ ಛಾಯಾಚಿತ್ರ, ಫಲಾನುಭವಿಗಳ ಆಧಾರ್ ಮತ್ತು ಬ್ಯಾಂಕ್ ವಿವರಗಳ ವಿಷಯ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಇವೆಲ್ಲವನ್ನೂ ಒಂದೇ ದಿನದಲ್ಲಿ ನಿರುಪಯುಕ್ತಗೊಳಿಸಬಲ್ಲದು. ವಿಧವಾ ವೇತನಕ್ಕೋ ವಸತಿಗೋ ಅರ್ಜಿ ಕೊಟ್ಟ ಬಡ ಕುಟುಂಬದ ದಾಖಲೆ ಸೋರಿಹೋದರೆ ಅದರ ಕಷ್ಟ ಕಚೇರಿಗಿಂತ ಹೆಚ್ಚಾಗಿ ಆ ಕುಟುಂಬಕ್ಕೆ.

5. ಅನುಮಾನಿಸಬೇಕಾದ ಲಕ್ಷಣಗಳು

• ಪತ್ರದ ವಿಷಯವು ಕಳುಹಿಸಿದವರ ಎಂದಿನ ರೀತಿಗೆ ಹೊಂದುವುದಿಲ್ಲ. ಸದಾ ಕನ್ನಡದಲ್ಲಿ ವಿವರವಾಗಿ ಬರೆಯುವವರಿಂದ ‘ಇದನ್ನು ನೋಡಿ’ ಎಂಬರ್ಥದ ಒಂದೇ ಸಾಲಿನ ಇಂಗ್ಲಿಷ್ ಪತ್ರ ಬರುತ್ತದೆ.
• ‘ಇಂದೇ’, ‘ಕೂಡಲೇ’, ‘ಯಾರಿಗೂ ತಿಳಿಸಬೇಡಿ’ ಎಂಬ ಅವಸರವಿರುತ್ತದೆ.
• ಅಧಿಕಾರಿಯ ಹೆಸರಿದ್ದರೂ ವಿಳಾಸವು ‘ಜಿಒವಿ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಎಂದು ಮುಗಿಯದೆ ಬೇರೆ ರೀತಿಯಲ್ಲಿರುತ್ತದೆ.
• ಲಗತ್ತಿನ ಹೆಸರು ‘ಇಎಕ್ಸ್‌ಇ’, ‘ವಿಬಿಎಸ್’, ‘ಜೆಎಸ್’, ‘ಎಪಿಕೆ’ ಎಂದು ಕೊನೆಗೊಳ್ಳುತ್ತದೆ. ಅಥವಾ ‘ಪಿಡಿಎಫ್’ ಎಂಬುದರ ನಂತರವೂ ಇನ್ನೊಂದು ಚುಕ್ಕೆ ಮತ್ತು ಅಕ್ಷರಗಳಿರುತ್ತವೆ.
• ವರ್ಡ್ ಅಥವಾ ಎಕ್ಸೆಲ್ ಕಡತವು ‘ಎನೇಬಲ್ ಕಂಟೆಂಟ್’ ಗುಂಡಿಯನ್ನು ಒತ್ತುವಂತೆ ಕೇಳುತ್ತದೆ.
• ಲಿಂಕ್ ಒತ್ತಿದ ಕೂಡಲೇ ಇ-ಮೇಲ್ ಪಾಸ್‌ವರ್ಡನ್ನು ಮತ್ತೊಮ್ಮೆ ಕೇಳುವ ಪುಟ ತೆರೆದುಕೊಳ್ಳುತ್ತದೆ.

ಈ ಲಕ್ಷಣಗಳು ಇಲ್ಲದ ಮಾತ್ರಕ್ಕೆ ಪತ್ರ ಸುರಕ್ಷಿತವೆಂದು ಭಾವಿಸಬಾರದು. ಎಮೋಟೆಟ್‌ನ ಪತ್ರಗಳಲ್ಲಿ ವಿಷಯ, ಹೆಸರು, ಹಿಂದಿನ ಸಂಭಾಷಣೆ ಎಲ್ಲವೂ ಸರಿಯಾಗಿಯೇ ಇರುತ್ತಿದ್ದವು.

6. ತೆರೆಯುವ ಮುನ್ನ: ಒಂದು ದೂರವಾಣಿ ಕರೆ

ನಿರೀಕ್ಷಿಸದ ಲಗತ್ತು ಪರಿಚಿತರಿಂದ ಬಂದಾಗ ಪಾಲಿಸಬೇಕಾದ ನಿಯಮ ಒಂದೇ: ಕಳುಹಿಸಿದವರನ್ನು ಬೇರೆ ದಾರಿಯಿಂದ ವಿಚಾರಿಸಬೇಕು. ಅದೇ ಇ-ಮೇಲ್‌ಗೆ ಉತ್ತರ ಬರೆದು ‘ಇದನ್ನು ತಾವೇ ಕಳುಹಿಸಿದಿರಾ’ ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ಖಾತೆ ವಂಚಕರ ವಶದಲ್ಲಿದ್ದರೆ ‘ಹೌದು’ ಎಂಬ ಉತ್ತರವೂ ಅವರಿಂದಲೇ ಬರುತ್ತದೆ. ಪತ್ರದಲ್ಲಿ ನೀಡಿರುವ ಸಂಖ್ಯೆಗೆ ಕರೆ ಮಾಡುವುದೂ ಸಲ್ಲದು. ಮೊದಲೇ ತಿಳಿದಿರುವ ಸಂಖ್ಯೆಗೆ ಕರೆ ಮಾಡಬೇಕು. ಮೇಲಧಿಕಾರಿಗಳನ್ನು ಹೀಗೆ ಕೇಳಲು ಸಿಬ್ಬಂದಿ ಸಂಕೋಚಪಡುವುದುಂಟು. ಇದು ಅವಿಧೇಯತೆಯಲ್ಲ, ಕರ್ತವ್ಯವೆಂಬ ಭರವಸೆಯನ್ನು ಅಧ್ಯಕ್ಷರು ಮತ್ತು ಸದಸ್ಯರು ಅವರಿಗೆ ನೀಡಬೇಕು.

7. ತೆರೆದುಬಿಟ್ಟಿದ್ದರೆ ಕೈಗೊಳ್ಳಬೇಕಾದ ಕ್ರಮಗಳು

(1) ಯಂತ್ರದ ಇಂಟರ್‌ನೆಟ್ ತಂತಿಯನ್ನು ಕೂಡಲೇ ಕಳಚಬೇಕು, ವೈಫೈ ಆರಿಸಬೇಕು. ಡಿಜಿಟಲ್ ಸಹಿಯ ಕೀಲಿಯನ್ನು ಹೊರತೆಗೆಯಬೇಕು.
(2) ಆ ಯಂತ್ರಕ್ಕೆ ಪೆನ್‌ಡ್ರೈವ್ ಹಾಕಬಾರದು. ಬಂದ ಪತ್ರವನ್ನು ಅಳಿಸಬಾರದು, ಯಾರಿಗೂ ಮುಂದೆ ಕಳುಹಿಸಬಾರದು. ತನಿಖೆಗೆ ಅದೇ ಸಾಕ್ಷ್ಯ. ತೆರೆದ ಸಮಯವನ್ನು ಬರೆದಿಡಬೇಕು.
(3) ಬೇರೊಂದು ಸುರಕ್ಷಿತ ಯಂತ್ರದಿಂದ ಇ-ಮೇಲ್ ಮತ್ತು ತಂತ್ರಾಂಶಗಳ ಪಾಸ್‌ವರ್ಡ್ ಬದಲಿಸಬೇಕು. ಸೋಂಕಿತ ಯಂತ್ರದಲ್ಲೇ ಬದಲಿಸಿದರೆ ಹೊಸ ಪಾಸ್‌ವರ್ಡ್ ಸಹ ಕಳವಾಗುತ್ತದೆ.
(4) ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ತಿಳಿಸಬೇಕು. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸರ್ಕಾರಿ ಸಂಸ್ಥೆಗಳು ಇಂತಹ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಕಚೇರಿಯಲ್ಲಿ ಮುಚ್ಚಿಟ್ಟ ಪ್ರತಿ ಗಂಟೆಯೂ ಈ ಅವಧಿಯಿಂದ ಕಳೆಯುತ್ತದೆ.
(5) ಡಿಜಿಟಲ್ ಸಹಿಯ ದುರುಪಯೋಗದ ಶಂಕೆಯಿದ್ದರೆ ಅದನ್ನು ರದ್ದುಪಡಿಸಲು ಸಹಿ ನೀಡಿದ ಸಂಸ್ಥೆಯನ್ನು ಕೋರಬೇಕು. ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು.
(6) ಹಣ ಕಳೆದುಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ದೂರನ್ನು ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿಯೂ ದಾಖಲಿಸಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 66ಸಿ ಮತ್ತು 66ಡಿ ಪ್ರಕಾರ ಪರರ ಪಾಸ್‌ವರ್ಡ್ ಅಥವಾ ಗುರುತನ್ನು ಮೋಸದಿಂದ ಬಳಸುವುದು 3 ವರ್ಷಗಳವರೆಗಿನ ಕಾರಾಗೃಹವಾಸಕ್ಕೆ ಗುರಿಪಡಿಸುವ ಅಪರಾಧ.

8. ತಮ್ಮ ಹೆಸರಿನಲ್ಲೇ ಪತ್ರ ಹೋಗಿದ್ದರೆ

‘ತಮ್ಮಿಂದ ವಿಚಿತ್ರ ಪತ್ರ ಬಂದಿದೆ’ ಎಂದು ಯಾರಾದರೂ ತಿಳಿಸಿದರೆ ಸದಸ್ಯರು ಬೇಸರಿಸಬಾರದು. ತಿಳಿಸಿದವರು ಉಪಕಾರವನ್ನೇ ಮಾಡಿದ್ದಾರೆ. ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆಯನ್ನು ಅಳವಡಿಸಿಕೊಳ್ಳಬೇಕು. ಬಂದ ಪತ್ರಗಳು ಬೇರೆ ವಿಳಾಸಕ್ಕೆ ತಾನಾಗಿ ಹೋಗುವಂತೆ ಯಾರಾದರೂ ವ್ಯವಸ್ಥೆ ಮಾಡಿದ್ದಾರೆಯೇ, ಖಾತೆಯಲ್ಲಿರುವ ಮೊಬೈಲ್ ಸಂಖ್ಯೆ ತಮ್ಮದೇ ಆಗಿದೆಯೇ ಎಂಬುದನ್ನು ನೋಡಬೇಕು. ಬಳಿಕ ಪರಿಚಿತರಿಗೆಲ್ಲ ದೂರವಾಣಿಯ ಮೂಲಕ ‘ಆ ಲಗತ್ತನ್ನು ತೆರೆಯಬೇಡಿ’ ಎಂದು ತಿಳಿಸಬೇಕು. ನಾಚಿಕೆಯಿಂದ ಮೌನವಾಗಿದ್ದರೆ ವೈರಸ್ ಮುಂದಿನ ಮನೆಗೆ ಹೋಗುತ್ತದೆ.

9. ಸದಸ್ಯರ ಹೊಣೆ

ತಾಂತ್ರಿಕ ಕೆಲಸವನ್ನು ಸಿಬ್ಬಂದಿ ನಿರ್ವಹಿಸುತ್ತಾರೆ. ಕಚೇರಿಯ ಶಿಸ್ತನ್ನು ರೂಪಿಸುವಲ್ಲಿ ಸದಸ್ಯರ ಪಾತ್ರವಿದೆ. ಡಿಜಿಟಲ್ ಸಹಿಯ ಕೀಲಿ ಅದರ ಒಡೆಯರ ಬಳಿಯೇ ಇರಬೇಕು. ಅದರ ಪಿನ್ ಮೇಜಿನ ಗಾಜಿನಡಿ ಬರೆದಿಟ್ಟ ಚೀಟಿಯಾಗಬಾರದು. ಮುಖ್ಯ ಕಡತಗಳ ಪ್ರತಿಯನ್ನು ವಾರಕ್ಕೊಮ್ಮೆ ಪ್ರತ್ಯೇಕ ಹಾರ್ಡ್‌ಡಿಸ್ಕ್‌ಗೆ ತೆಗೆದು, ಅದನ್ನು ಯಂತ್ರದಿಂದ ಕಳಚಿ ಬೀರುವಿನಲ್ಲಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಪ್ಪಿ ಲಗತ್ತು ತೆರೆದ ಡಾಟಾ ಎಂಟ್ರಿ ಆಪರೇಟರ್ ಕೂಡಲೇ ಬಂದು ಹೇಳುವಂತಹ ವಾತಾವರಣವಿರಬೇಕು. ಗದರಿಕೆಗೆ ಹೆದರಿ ಮುಚ್ಚಿಟ್ಟ ಸಣ್ಣ ಸೋಂಕು ದೊಡ್ಡ ನಷ್ಟವಾಗಿ ಬೆಳೆಯುತ್ತದೆ.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ಪಂಚಾಯಿತಿಯ ಇ-ಮೇಲ್ ಪಾಸ್‌ವರ್ಡ್ ಎಷ್ಟು ಜನರಿಗೆ ತಿಳಿದಿದೆ? ಅದನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ?
2. ಕಚೇರಿಯ ಗಣಕಯಂತ್ರ ನಾಳೆ ತೆರೆಯದಿದ್ದರೆ ಯಾವ ದಾಖಲೆಗಳು ಮರಳಿ ದೊರೆಯುತ್ತವೆ, ಯಾವುವು ದೊರೆಯುವುದಿಲ್ಲ?
3. ಕಾರ್ಯನಿರ್ವಾಹಕ ಅಧಿಕಾರಿಗಳ ಹೆಸರಿನಲ್ಲಿ ಸಂಜೆ 6 ಗಂಟೆಗೆ ಅವಸರದ ಲಗತ್ತು ಬಂದರೆ ಸಿಬ್ಬಂದಿ ಯಾರಿಗೆ ಕರೆ ಮಾಡಬೇಕು? ಆ ಸಂಖ್ಯೆ ಕಚೇರಿಯ ಗೋಡೆಯ ಮೇಲಿದೆಯೇ?