ಕಂಡಕ್ಟರ್ ಇಲ್ಲದ ಹನ್ನೆರಡು ಮಂದಿ

ಪ್ರಥಮ ಪಿಯುಸಿಯ 'ತರಂಗಗಳು' ಅಧ್ಯಾಯದಲ್ಲಿ ನಾನು ಬೀಟ್ಸ್ ಪಾಠ ಮಾಡುತ್ತೇನೆ. 440 ಹರ್ಟ್ಸ್ ಸ್ವರದ ಜೊತೆ 442 ಹರ್ಟ್ಸ್ ಸ್ವರ ಸೇರಿದರೆ ಶಬ್ದವು ಸೆಕೆಂಡಿಗೆ ಎರಡು ಬಾರಿ ಏರಿ ಇಳಿಯುತ್ತದೆ. ನಮ್ಮ ವಿದ್ಯಾರ್ಥಿಗಳಿಗೆ ಇದು ಒಂದು ಲೆಕ್ಕ. ಆದರೆ ಆ ಏರಿಳಿತವನ್ನು ಕಿವಿಯಲ್ಲೇ ಹಿಡಿದು, ತಂತಿಯ ಬಿಗಿತ ಸರಿಪಡಿಸಿ ಇಲ್ಲವಾಗಿಸಿದ ಮೇಲೆಯೇ ದಿನದ ಕೆಲಸ ಆರಂಭಿಸುವವರೂ ಇದ್ದಾರೆ. ಅಂಥ ಒಂದು ತಂಡದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

1951ರಲ್ಲಿ ರೋಮ್ ನಗರದ ಸಾಂತಾ ಚೆಚೀಲಿಯಾ ಸಂಗೀತ ಅಕಾಡೆಮಿಯಲ್ಲಿ ಕಲಿತ ಹನ್ನೆರಡು ಯುವಕ ಯುವತಿಯರು 'ಇ ಮೂಸಿಚಿ' ಎಂಬ ತಂಡ ಕಟ್ಟಿದರು. ಹೆಸರಿನ ಅರ್ಥ 'ಸಂಗೀತಗಾರರು', ಅಷ್ಟೆ. ಆರು ವಯಲಿನ್, ಎರಡು ವಿಯೋಲಾ, ಎರಡು ಚೆಲ್ಲೊ, ಒಂದು ಡಬಲ್ ಬಾಸ್. ಜೊತೆಗೆ ಪಿಯಾನೊಕ್ಕಿಂತ ಹಳೆಯದಾದ ಹಾರ್ಪ್ಸಿಕಾರ್ಡ್. ಅದನ್ನು ನುಡಿಸುತ್ತಿದ್ದವರು ಮರಿಯಾ ತೆರೇಸಾ ಗರಾತ್ತಿ. ಮುಖ್ಯ ವಯಲಿನ್ ವಾದಕ, ಸ್ಪೇನ್ ಮೂಲದ ಫೆಲಿಕ್ಸ್ ಆಯೊ ಅವರಿಗೆ ಆಗ ಹದಿನೆಂಟು ವರ್ಷ. ನಿಮ್ಮಲ್ಲಿ ಕೆಲವರ ವಯಸ್ಸೇ!

ಈ ತಂಡಕ್ಕೆ ಕಂಡಕ್ಟರ್ ಇಲ್ಲ. (ಟಿಕೆಟ್ ಕೊಡುವವರಲ್ಲ, ಎದುರು ನಿಂತು ಕೋಲು ಬೀಸಿ ತಾಳ, ವೇಗ ಸೂಚಿಸುವವರು.) ಇದು ಹೇಗೆ ಸಾಧ್ಯ? ಭೌತಶಾಸ್ತ್ರದಿಂದ ಸ್ವಲ್ಪ ಉತ್ತರ ಸಿಗುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ನೂರು ಜನರ ವಾದ್ಯವೃಂದದಲ್ಲಿ ಇಬ್ಬರ ನಡುವೆ 17 ಮೀಟರ್ ಅಂತರವಿದ್ದರೆ ಒಬ್ಬರ ಸ್ವರ ಇನ್ನೊಬ್ಬರನ್ನು ತಲುಪಲು 0.05 ಸೆಕೆಂಡು ಬೇಕು. ಕಿವಿಯನ್ನು ನಂಬಿ ನುಡಿಸಿದರೆ ಹಿಂದೆ ಬೀಳುತ್ತಾರೆ. ಅಲ್ಲಿ ಕಣ್ಣಿಗೆ ಕಾಣುವ ಕೋಲು ಬೇಕು. ಹನ್ನೆರಡು ಜನ 5 ಮೀಟರ್ ಒಳಗೆ ಕುಳಿತರೆ ತಡವಾಗುವುದು 0.015 ಸೆಕೆಂಡು ಮಾತ್ರ.

ಉಳಿದ ಉತ್ತರ ಅಭ್ಯಾಸದಲ್ಲಿದೆ. ಮೊದಲ ಸ್ವರಕ್ಕೆ ಮುಂಚೆ ಮುಖ್ಯ ವಾದಕರು ಉಸಿರೆಳೆದು ಕಮಾನು ಎತ್ತುತ್ತಾರೆ, ಅದೇ ಸೂಚನೆ. ಕಮಾನನ್ನು ಎಲ್ಲಿ ಮೇಲಕ್ಕೆ, ಎಲ್ಲಿ ಕೆಳಕ್ಕೆ ಎಳೆಯಬೇಕೆಂದು ಮೊದಲೇ ತೀರ್ಮಾನಿಸಿ ಪ್ರತಿಯೊಬ್ಬರೂ ತಮ್ಮ ಸ್ವರಲಿಪಿಯ ಹಾಳೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಾರೆ. ಕೋಲು ಹಿಡಿದವರು ಒಂದೇ ಮಾತಿನಲ್ಲಿ ಮುಗಿಸುವುದನ್ನು ಇಲ್ಲಿ ಚರ್ಚಿಸಿ ಒಪ್ಪಬೇಕು. ಸಮಯ ಹಿಡಿಯುತ್ತದೆ. ನಮ್ಮ ಸಂಗೀತ ಕಚೇರಿಯಲ್ಲಿ ತಂಬೂರಿ ಕೊನೆಯವರೆಗೂ ಶ್ರುತಿ ಕೊಡುತ್ತಿರುತ್ತದೆ. ಇಲ್ಲಿ ಆ ಆಸರೆಯೂ ಇಲ್ಲ. ಚಪ್ಪಾಳೆ ಮುಖ್ಯ ವಾದಕರಿಗೆ ಹೆಚ್ಚು ಸಿಗಬಹುದು, ಆದರೆ ಎರಡನೇ ಸಾಲಿನ ವಯಲಿನ್‌ಗಳ ಕೆಲಸವೇ ಕಷ್ಟದ್ದೆಂದು ನನಗನಿಸುತ್ತದೆ. ಅವರು ಕೇಳಿಸಬೇಕು, ಎದ್ದು ಕೇಳಿಸಬಾರದು.

1725ರಲ್ಲಿ ಪ್ರಕಟವಾದ ವಿವಾಲ್ಡಿಯ 'ನಾಲ್ಕು ಋತುಗಳು' ಕೃತಿಯಿಂದ ಈ ತಂಡ ಲೋಕಪ್ರಸಿದ್ಧವಾಯಿತು. ಆಯೊ ನುಡಿಸಿದ 1959ರ ಧ್ವನಿಮುದ್ರಣ ಇಂದಿಗೂ ಸಿಗುತ್ತದೆ. ಆಯೊ ತಂಡ ಬಿಟ್ಟ ಮೇಲೂ ತಂಡ ನಿಲ್ಲಲಿಲ್ಲ. ಮುಂದೆ ಪಿನಾ ಕಾರ್ಮಿರೆಲ್ಲಿ ಎಂಬ ಮಹಿಳೆ ಆ ಸ್ಥಾನದಲ್ಲಿ ಕುಳಿತು ಅದೇ ಕೃತಿಯನ್ನು ಮತ್ತೆ ಧ್ವನಿಮುದ್ರಿಸಿದರು.

ಎರಡನ್ನೂ ಹುಡುಕಿ, 'ಚಳಿಗಾಲ'ದ ನಡುವಿನ ನಿಧಾನ ಭಾಗವನ್ನು ಕೇಳಿ. ಅಲ್ಲಿ ಒಂದು ವಯಲಿನ್ ಹಾಡುತ್ತಿರುವಾಗ ಉಳಿದ ವಯಲಿನ್‌ಗಳು ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತವೆ, ಅದು ಮಳೆಹನಿ. ಮೀಟಿದ ಸ್ವರ ಥಟ್ಟನೆ ಹುಟ್ಟುತ್ತದೆ, ಒಬ್ಬರು ಕೂದಲೆಳೆಯಷ್ಟು ತಡಮಾಡಿದರೂ ಅಡಗಿಸಲು ಜಾಗವಿಲ್ಲ. ಒಮ್ಮೆ ಹಾಡುವ ವಯಲಿನ್ ಬಿಟ್ಟು ಆ ಹನಿಗಳಿಗೆ ಮಾತ್ರ ಕಿವಿ ಕೊಡಿ.