ನಮ್ಮೂರಿನ ಧರ್ಮಸಭೆ ಎಂದರೆ ಯಾರು?



ಅರಸೀಕೆರೆಯಲ್ಲಿ ಯಾರಾದರೂ "ಚರ್ಚ್ ಎಲ್ಲಿದೆ?" ಎಂದು ಕೇಳಿದರೆ ನಾವು ಕೈ ತೋರಿಸುವುದು ಶಿಲುಬೆಯಿರುವ ಒಂದು ಕಟ್ಟಡದ ಕಡೆಗೆ. ತಪ್ಪೇನಿಲ್ಲ. ಆದರೆ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಬರುವ 'ಎಕ್ಲೇಸಿಯ' ಎಂಬ ಪದಕ್ಕೆ ಕಟ್ಟಡ ಎಂಬ ಅರ್ಥವಿಲ್ಲ. ಕರೆಗೆ ಓಗೊಟ್ಟು ಒಂದುಗೂಡಿದ ಜನ ಎಂದರ್ಥ. ನಮ್ಮ 'ಸಭೆ' ಎಂಬ ಮಾತು ಇದಕ್ಕೆ ಬಲು ಹತ್ತಿರ.

ಕಲ್ಲಿನ ಸೊಬಗನ್ನು ಬೇಲೂರು, ಹಳೇಬೀಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಯ ಹೊಯ್ಸಳ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ನಮ್ಮದೇ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ದೇವಾಲಯದ ಕಥೆ ಬೇರೆ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಊರು ಹಿನ್ನೀರಿಗೆ ಸೇರಿತು. ಇಂದು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ತಲೆಯೆತ್ತುವ ಆ ಗೋಡೆಗಳ ಮುಂದೆ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿ ಜಪಸರ ಹೇಳುತ್ತಿದ್ದ ಜನ ಮಾತ್ರ ಬೇರೆಡೆ ನೆಲೆಸಿದರು. ಧರ್ಮಸಭೆ ಹೋದದ್ದು ಅವರೊಡನೆ.

1983ರ ಧರ್ಮಸಭೆಯ ಕಾನೂನು ಸಂಹಿತೆಯೂ (515ನೇ ವಿಧಿ) ಧರ್ಮಕೇಂದ್ರವನ್ನು ಮೊದಲು ಗುರುತಿಸುವುದು ವಿಶ್ವಾಸಿಗಳ ಸಮುದಾಯವೆಂದೇ. 1917ರ ಹಳೆಯ ಸಂಹಿತೆಯಲ್ಲಿ ಗಡಿ, ಪ್ರದೇಶಗಳ ಮಾತು ಮುಂದಿತ್ತು.

ಹಾಗಾದರೆ ಆ ಸಮುದಾಯ ಹೇಗಿರಬೇಕು? ನಾವು ಸಾಮಾನ್ಯವಾಗಿ ಪ್ರೇಷಿತರ ಕಾರ್ಯಕಲಾಪಗಳ 2ನೇ ಅಧ್ಯಾಯವನ್ನು ನೆನೆಯುತ್ತೇವೆ: ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಆದರೆ 6ನೇ ಅಧ್ಯಾಯ ನಮ್ಮ ಬದುಕಿಗೆ ಇನ್ನೂ ಹತ್ತಿರ ಎಂದು ನನಗನಿಸುತ್ತದೆ. ಜೆರುಸಲೇಮಿನಲ್ಲಿ ಗ್ರೀಕ್ ಮಾತನಾಡುವವರು ಗೊಣಗಿದರು: ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು. ಕ್ರಿಸ್ತರು ಪುನರುತ್ಥಾನರಾಗಿ ಹೆಚ್ಚು ಕಾಲವಾಗಿರಲಿಲ್ಲ. ಆಗಲೇ ಭಾಷೆಯ ಜಗಳ, ಊಟದ ಜಗಳ! ಪ್ರೇಷಿತರು ಗೊಣಗಿದವರ ಬಾಯಿ ಮುಚ್ಚಿಸಲಿಲ್ಲ. "ಹಾಗೇನೂ ಇಲ್ಲ" ಎಂದು ಸಮಜಾಯಿಷಿ ಕೊಡಲೂ ಇಲ್ಲ. ಎಲ್ಲರನ್ನೂ ಕೂಡಿಸಿ ಏಳು ಮಂದಿಯನ್ನು ಆರಿಸಲು ಹೇಳಿದರು. ಆಯ್ಕೆಯಾದವರ ಹೆಸರುಗಳನ್ನು ಗಮನಿಸಿ: ಸ್ತೇಫನ, ಫಿಲಿಪ್ಪ, ನಿಕಾನೋರ, ತಿಮೋನ... ಏಳೂ ಗ್ರೀಕ್ ಹೆಸರುಗಳೇ. ದೂರು ಬಂದ ಕಡೆಯವರ ಕೈಗೇ ಹಂಚುವ ಕೆಲಸ ಬಂದಿತೆಂದು ತೋರುತ್ತದೆ.

ಅರಸೀಕೆರೆ ರೈಲು ಜಂಕ್ಷನ್ನಿನ ಊರು. ಕೆಲಸಕ್ಕೆಂದು ಬಂದವರು, ವರ್ಗವಾಗಿ ಹೋಗುವವರು ಇಂಥ ಊರಿನಲ್ಲಿ ಇದ್ದೇ ಇರುತ್ತಾರೆ. ಬೇಲೂರಿನ ಕಡೆ ಕಾಫಿ ತೋಟದ ಕೂಲಿಯವರಿದ್ದಾರೆ. ಅಲ್ಲೊಂದು ಇಲ್ಲೊಂದು ಮನೆಯಿರುವ ಹಳ್ಳಿಯವರಿಗೆ ಭಾನುವಾರದ ಬಲಿಪೂಜೆಗೆ ಬರುವುದೆಂದರೆ ಬಸ್ಸಿನ ದಾರಿ ಕಾಯುವ ಕೆಲಸ. ತಡವಾಗಿ ಬಂದು ಬಾಗಿಲ ಬಳಿ ನಿಂತು, ಆಶೀರ್ವಾದವಾದೊಡನೆ ಬಸ್ಸಿಗೆ ಓಡುವ ತಾಯಿಯ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಹಬ್ಬದ ಸಮಿತಿಗೆ ಅವರ ಮನೆಯಿಂದ ಯಾರನ್ನಾದರೂ ಕರೆದದ್ದುಂಟೇ? ಉಳ್ಳವರು ಮೊದಲೇ ಉಂಡು ಮುಗಿಸಿ ಬಡವರನ್ನು ಹಸಿವಿನಲ್ಲಿ ಬಿಟ್ಟಾಗ, ಅದು ಪ್ರಭುವಿನ ಭೋಜನವೇ ಅಲ್ಲವೆಂದು ಸಂತ ಪೌಲರು ಕೊರಿಂಥದವರನ್ನು ಗದರಿಸಿದ್ದರು.

ಈ ವಾರ ಒಂದು ಸಂಜೆ ಜಪಸರದ ನಂತರ ಮನೆಯವರೆಲ್ಲ ಕುಳಿತು ಪ್ರೇಷಿತರ ಕಾರ್ಯಕಲಾಪಗಳು 6:1-7 ಓದಿರಿ. ಮಕ್ಕಳು ಗಟ್ಟಿಯಾಗಿ ಓದಲಿ. ಬಳಿಕ, ಕಳೆದ ಕೆಲವು ವಾರಗಳಿಂದ ದೇವಾಲಯದಲ್ಲಿ ಕಾಣಿಸದವರು ಯಾರೆಂದು ನೆನಪು ಮಾಡಿಕೊಂಡು, ಅವರಲ್ಲಿ ಒಬ್ಬರ ಮನೆಗೆ ಮುಂದಿನ ಭಾನುವಾರದೊಳಗೆ ಹೋಗಿಬನ್ನಿ.