ಕೇಪಿನ ಕೋವಿ: ಕಾನೂನು ಕೊಡುವುದೆಷ್ಟು, ತಡೆಯುವುದೆಷ್ಟು

ಬಾಯಿಯಿಂದ ಮದ್ದು ತುಂಬುವ ಹಳೆಯ ಮಾದರಿಯ ಕೇಪಿನ ಕೋವಿಯ ಬಿಡಿಭಾಗಗಳು ಅಮೆರಿಕದಲ್ಲಿ ಪೆಟ್ಟಿಗೆಯಲ್ಲಿ ಸಿಗುತ್ತವೆ. ಕೊಂಡವರು ಮನೆಯಲ್ಲೇ ನಳಿಗೆ, ಕುದುರೆ, ಮರದ ಹಿಡಿ ಜೋಡಿಸಿಕೊಂಡು ಜಿಂಕೆ ಬೇಟೆಗೆ ಹೋಗುತ್ತಾರೆ. ಅಲ್ಲಿನ 1968ರ ಕೇಂದ್ರ ಕಾನೂನು ಇಂಥ ಕೋವಿಯನ್ನು ಪುರಾತನ ಆಯುಧಗಳ ಸಾಲಿಗೆ ಸೇರಿಸಿ, ಆಧುನಿಕ ಬಂದೂಕಿಗಿರುವ ನಿರ್ಬಂಧಗಳಿಂದ ಹೊರಗಿಟ್ಟಿದೆ. ಹೀಗೆ ಮನೆಯಲ್ಲೇ ಕೋವಿ ಜೋಡಿಸುವ ವಿಡಿಯೋಗಳು ನಮ್ಮ ಹುಡುಗರ ಮೊಬೈಲಿಗೂ ಬರುತ್ತವೆ. ಆದ್ದರಿಂದ ಮೊದಲೇ ಹೇಳಿಬಿಡಬೇಕು: ಭಾರತದಲ್ಲಿ ಅದನ್ನು ಮಾಡಿದರೆ ಜೈಲು.

1959ರ ಶಸ್ತ್ರಾಸ್ತ್ರ ಕಾಯ್ದೆಯ ಕಣ್ಣಿಗೆ ಇಡೀ ಕೋವಿ ಮಾತ್ರವಲ್ಲ, ಅದರ ಭಾಗಗಳೂ ಆಯುಧವೇ. ಲೈಸೆನ್ಸ್ ಇಲ್ಲದೆ ಕೋವಿ ತಯಾರಿಸುವುದನ್ನು 5ನೇ ಕಲಂ ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ವಿದೇಶದಿಂದ ಬಿಡಿಭಾಗ ತರಿಸುವುದಕ್ಕೂ ಲೈಸೆನ್ಸ್ ಬೇಕು. ರಿಪೇರಿಯೂ ಅಷ್ಟೇ: ಊರಿನ ಕಮ್ಮಾರನ ಕೈಗೆ ಕೋವಿ ಕೊಟ್ಟರೆ ಆ ಬಡಪಾಯಿಯನ್ನೂ ಕೇಸಿಗೆ ಸಿಕ್ಕಿಸಿದಂತಾಗುತ್ತದೆ. ದುರಸ್ತಿಗೆ ಲೈಸೆನ್ಸ್ ಇರುವ ಅಂಗಡಿಗೇ ಹೋಗಬೇಕು.

ಕದ್ದುಮುಚ್ಚಿ ಕೋವಿ ಮಾಡಿಸಿಕೊಳ್ಳುವ ರೈತರಲ್ಲಿ ಅನೇಕರಿಗೆ, ನೇರ ದಾರಿಯಲ್ಲಿ ಅದನ್ನು ಕೇಳುವ ಹಕ್ಕು ತಮಗಿದೆ ಎಂಬುದೇ ಗೊತ್ತಿಲ್ಲ. ನನಗೆ ಅತ್ಯಂತ ಬೇಸರ ತರುವ ಸಂಗತಿ ಇದು. ಕಾಯ್ದೆಯ 13ನೇ ಕಲಂ, ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆಂದು ನಾಗರಿಕನೊಬ್ಬ ಕೇಪಿನ ಕೋವಿಗೆ ಅರ್ಜಿ ಹಾಕಿದರೆ ಲೈಸೆನ್ಸ್ ಕೊಡತಕ್ಕದ್ದು ಎನ್ನುತ್ತದೆ. ಪಿಸ್ತೂಲು ಕೇಳುವವನಿಗೆ ಇಷ್ಟು ಗಟ್ಟಿಯಾದ ಮಾತು ಅಲ್ಲಿಲ್ಲ. ಅವನು ತಕ್ಕ ಕಾರಣವಿದೆಯೆಂದು ಅಧಿಕಾರಿಯನ್ನು ಒಪ್ಪಿಸಬೇಕು. ರೈತನ ಅರ್ಜಿಯನ್ನು ತಿರಸ್ಕರಿಸಲು 14ನೇ ಕಲಮಿನ ಕಾರಣಗಳು ಬೇಕು: ಮಾನಸಿಕ ಅಸ್ವಸ್ಥತೆ, ಕಾನೂನಿನ ನಿರ್ಬಂಧ, ಸಾರ್ವಜನಿಕ ಶಾಂತಿಗೆ ಧಕ್ಕೆ, ಇಂಥವು. ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. ಎರಡು ಎಕರೆಯ ರೈತನೂ ಇದನ್ನು ನೆನಪಿಡಬೇಕು.

ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ, ನಮೂನೆ ಎ-1ರಲ್ಲಿ. ಗುರುತಿನ ಮತ್ತು ವಿಳಾಸದ ದಾಖಲೆ, ವೈದ್ಯರ ಪ್ರಮಾಣಪತ್ರ ಕೇಳುತ್ತಾರೆ. ಅದರೊಡನೆ ಪಹಣಿಯನ್ನೂ ಬೆಳೆ ಹಾನಿಯಾದ ದಾಖಲೆಗಳನ್ನೂ ಸೇರಿಸಿ. ಹಂದಿ ಗದ್ದೆ ಉತ್ತ ಹಾಗೆ ಮಾಡಿಹೋದ ದಿನವೇ ಫೋಟೊ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಟ್ಟಿದ್ದರೆ, ಅದರ ಸ್ವೀಕೃತಿಯೇ ಇಲ್ಲಿ ಒಳ್ಳೆಯ ಸಾಕ್ಷಿ. ಅರ್ಜಿಯ ಬಗ್ಗೆ ಪೊಲೀಸ್ ಠಾಣೆಯಿಂದ ನಿಗದಿತ ಅವಧಿಯಲ್ಲಿ ವರದಿ ಬಾರದಿದ್ದರೆ, ಅದಕ್ಕೆ ಕಾಯದೆ ಆದೇಶ ಮಾಡುವ ಅಧಿಕಾರ ಜಿಲ್ಲಾಧಿಕಾರಿಗಿದೆ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗದಿದ್ದರೆ, ಕೇಳಿದಾಗ ತಿಳಿಸಲೂಬೇಕು. ಅದರ ವಿರುದ್ಧ 18ನೇ ಕಲಮಿನಡಿ ಮೇಲ್ಮನವಿ ಹಾಕಬಹುದು. ಬಾಯಿಮಾತಿನಲ್ಲಿ ಆಗಲ್ಲ ಅಂದರೆ ಸುಮ್ಮನೆ ಎದ್ದು ಬರಬೇಡಿ, ಬರೆದುಕೊಡಿ ಎಂದು ಕೇಳಿ.

ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ಮಲೆನಾಡಿನಲ್ಲಿ ಅರ್ಜಿಗಳು ನಿಂತುಹೋಗಲು ಇದೂ ಒಂದು ಕಾರಣವಾಗಬಹುದು.

ಲೈಸೆನ್ಸ್ ಸಿಕ್ಕಿತೆಂದರೆ ಬೇಟೆಗೆ ಅನುಮತಿ ಸಿಕ್ಕಿತೆಂದು ತಿಳಿಯುವುದು ದೊಡ್ಡ ತಪ್ಪು. ಅನೇಕ ಕುಟುಂಬಗಳು ಕೋರ್ಟಿಗೆ ಅಲೆಯುವುದು ಇಲ್ಲಿಂದಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದು ಮತ್ತು ಎರಡನೇ ಅನುಸೂಚಿಯ ಪ್ರಾಣಿಗಳ ಬೇಟೆ ಅಪರಾಧ, ಕಾಡುಹಂದಿಯೂ ಅದರಲ್ಲಿದೆ. ನಿಮ್ಮ ಗದ್ದೆಯೊಳಗೆ ನಿಂತ ಹಂದಿಯಾದರೂ, 11ನೇ ಕಲಮಿನಡಿ ಅಧಿಕಾರವಿರುವ ಅಧಿಕಾರಿ ಬರಹದಲ್ಲಿ ಅನುಮತಿ ಕೊಡದೆ ಗುಂಡು ಹೊಡೆಯುವಂತಿಲ್ಲ. ಗಾಳಿಯಲ್ಲಿ ಈಡು ಹಾರಿಸಿ ಓಡಿಸುವುದು ಬೇರೆ, ಕೊಲ್ಲುವುದು ಬೇರೆ. ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಕೊಂದರೆ ಅಪರಾಧವಲ್ಲ, ಆದರೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಮಾಂಸ ಹಂಚಿಕೊಂಡರೆ ಆತ್ಮರಕ್ಷಣೆಯ ವಾದ ಅಲ್ಲಿಗೇ ಬಿದ್ದುಹೋಗುತ್ತದೆ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನಡಿ ಲೈಸೆನ್ಸಿನಿಂದ ವಿನಾಯಿತಿಯಿದೆ. 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಲಾಯಿತು. ಬೇಟೆಯ ನಿಷೇಧದಿಂದ ಮಾತ್ರ ಅವರಿಗೂ ವಿನಾಯಿತಿಯಿಲ್ಲ.

ಕೊನೆಗೆ, ಅಜ್ಜನ ಕೋವಿಯ ವಿಷಯ. ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೂ ಕೋವಿ ಅಟ್ಟದಲ್ಲೇ ಉಳಿದಿರುವ ಮನೆಗಳಿವೆ. ಲೈಸೆನ್ಸ್ ವಾರಸುದಾರರಿಗೆ ತಾನಾಗಿ ಬರುವುದಿಲ್ಲ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೆ 2ರಿಂದ 5 ವರ್ಷ ಸಜೆ. ತಡಮಾಡದೆ ಅದನ್ನು ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ವ್ಯಾಪಾರಿಯಲ್ಲಿ ಠೇವಣಿ ಇಡಬೇಕೆಂದು 21ನೇ ಕಲಂ ಹೇಳುತ್ತದೆ. ಹಾಗಿಟ್ಟು, ನಿಮ್ಮ ಹೆಸರಿಗೆ ಲೈಸೆನ್ಸ್ ಬಂದ ಮೇಲೆ ಮರಳಿ ಪಡೆಯಬಹುದು, ಇಲ್ಲವೇ ಮಾರಬಹುದು. ಮನೆಯಲ್ಲಿ ಅಂಥ ಕೋವಿಯಿದ್ದರೆ ಈ ವಾರವೇ ವಕೀಲರನ್ನು ಕಂಡು ಠೇವಣಿ ಮಾಡಿ, ರಸೀದಿ ಪಡೆದುಕೊಳ್ಳಿ.